ಕೆಂಪು ಕಮರಿಗಳ ಸೀಮೆಯಲ್ಲಿ ನಾಲ್ಕು ದಿನ

ನಮ್ಮ ಪತ್ರಿಕೆಯ ಸಂಪಾದಕರು ನನ್ನನ್ನು ಕಂಡಾಗಲೆಲ್ಲ, "ಅಮೆರಿಕೆಗೆ ಹೋಗಿ ಬಂದಿರಿ, ಒಂದು ಪುಟವನ್ನಾದರೂ ಬರೆದುಕೊಡಲಿಲ್ಲವಲ್ಲ" ಎಂದು ಆಕ್ಷೇಪಿಸುವುದುಂಟು. ಬರೆಯದೆ ಇದ್ದುದಕ್ಕೆ ಆಲಸ್ಯವು ಒಂದು ಕಾರಣ. ಇನ್ನೊಂದು ಕಾರಣವನ್ನು ಮುಂದೆ ಓದಿದಂತೆ ವಾಚಕರೇ ಊಹಿಸಿಕೊಳ್ಳಬಲ್ಲರು. ಪರದೇಶದ ಸೌಧಗಳನ್ನೂ ಅಂಗಡಿಬೀದಿಗಳನ್ನೂ ವರ್ಣಿಸುವ ಹವ್ಯಾಸ ನನಗಿಲ್ಲ. ಅವುಗಳ ಚಿತ್ರಗಳು ಈಗ ಎಲ್ಲರ ಅಂಗೈಯಲ್ಲಿಯೂ ಇರುತ್ತವೆ. ನಾನು ಹೇಳಹೊರಟಿರುವುದು ೨೦೨೩ನೆಯ ಇಸವಿ ಅಕ್ಟೋಬರ್ ತಿಂಗಳಿನ ನಾಲ್ಕು ದಿನಗಳ ವೃತ್ತಾಂತವನ್ನು ಮಾತ್ರ.

ನನ್ನ ಮಗನು ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದ ಸಮೀಪದಲ್ಲಿ ಉದ್ಯೋಗದಲ್ಲಿರುವನು. ಆ ವರ್ಷ ನಾನೂ ನನ್ನ ಪತ್ನಿಯೂ ಕೆಲವು ತಿಂಗಳು ಅವನ ಮನೆಯಲ್ಲಿದ್ದೆವು. ಮಹಾಲಯ ಅಮಾವಾಸ್ಯೆಯು ಅಕ್ಟೋಬರ್ ೧೪ನೆಯ ತಾರೀಖು ಶನಿವಾರ ಬಂದಿತ್ತು. ಅದೇ ದಿನ ಸೂರ್ಯಗ್ರಹಣ. ನಮ್ಮ ದೇಶದಲ್ಲಿ ಕಾಣಿಸದ, ಅಮೆರಿಕೆಯ ಆ ಭಾಗದಲ್ಲಿ ಕಂಕಣಾಕಾರವಾಗಿ ಕಾಣಿಸತಕ್ಕ ಗ್ರಹಣ. ಮಗನಿಗೆ ಅದನ್ನು ನೋಡುವ ಉತ್ಸಾಹ. ಒಂದು ವರ್ಷ ಮುಂಚಿತವಾಗಿಯೇ ಯೂಟಾ ಸಂಸ್ಥಾನದ ಬ್ಲಫ್ ಎಂಬ ಹಳ್ಳಿಯಲ್ಲಿ ಎರಡು ಕೋಣೆಗಳನ್ನು ಗೊತ್ತುಮಾಡಿಕೊಂಡಿದ್ದನು. ನನಗೆ, ಗ್ರಹಣಕಾಲದಲ್ಲಿ ಹರಿಯುವ ನೀರಿನಲ್ಲಿ ಮಿಂದು ಪಿತೃಗಳಿಗೆ ಎಳ್ಳುನೀರು ಬಿಡುವ ಚಿಂತೆ. ಬ್ಲಫ್ ಹಳ್ಳಿಯ ಮಗ್ಗುಲಲ್ಲಿ ಸಾನ್ ಹ್ವಾನ್ ಎಂಬ ನದಿ ಇದೆಯೆಂದು ಅವನು ಹೇಳಿದ ಮೇಲೆ ನಾನು ಒಪ್ಪಿಕೊಂಡೆನು. ಇಬ್ಬರ ಉದ್ದೇಶ ಬೇರೆಯಾದರೂ ಮೋಟಾರು ಒಂದೇ ಆಯಿತು.

೧೧ನೆಯ ತಾರೀಖು ಬೆಳಗ್ಗೆ ಹೊರಟೆವು. ಮಗ, ಸೊಸೆ, ಹನ್ನೊಂದು ವರ್ಷದ ಮೊಮ್ಮಗಳು, ನಾವಿಬ್ಬರು. ನನ್ನಾಕೆ ಎರಡು ಡಬ್ಬಿ ಕೋಡುಬಳೆ, ಒಂದು ಡಬ್ಬಿ ಹುರಿಗಡಲೆ, ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಇವನ್ನೆಲ್ಲ ಕಟ್ಟಿಕೊಂಡಿದ್ದಳು. "ಪ್ರವಾಸಕ್ಕೋ ಪ್ರಳಯಕ್ಕೋ?" ಎಂದು ನಾನು ಹಾಸ್ಯ ಮಾಡಿದೆನು. ಆ ಹಾಸ್ಯದ ಬೆಲೆಯನ್ನು ಮರುದಿನ ತೆತ್ತದ್ದಾಯಿತು.

ಫೀನಿಕ್ಸಿನ ಸುತ್ತಣ ಮರುಭೂಮಿಯಲ್ಲಿ ಸಗ್ವಾರೋ ಎಂಬ ಕಳ್ಳಿಗಳು ನಲವತ್ತು ಅಡಿಗಳವರೆಗೂ ಬೆಳೆಯುವುವು. ಎರಡೂ ತೋಳುಗಳನ್ನೆತ್ತಿ ನಿಂತ ಜನರ ಹಾಗೆ ಕಾಣುವ ಈ ಗಿಡಗಳು ದಾರಿ ಮೇಲೇರಿದಂತೆ ಕಡಮೆಯಾಗಿ, ಕೊನೆಗೆ ಇಲ್ಲವಾಗಿ, ಎರಡೂವರೆ ಗಂಟೆಗಳೊಳಗೆ ನಾವು ದೇವದಾರುವಿನಂಥ ಎತ್ತರದ ಮರಗಳ ನಡುವೆ ಇದ್ದೆವು. ಫ್ಲಾಗ್‌ಸ್ಟಾಫ್ ಎಂಬ ಆ ಊರು ಸುಮಾರು ೭,೦೦೦ ಅಡಿ ಎತ್ತರದಲ್ಲಿದೆ. ಅಲ್ಲಿಂದ ಮುಂದೆ ಇನ್ನೂ ಎಂಬತ್ತು ಮೈಲಿಯಷ್ಟು ದಾರಿ. ಬೆಟ್ಟಗಳನ್ನು ಯಾವಾಗಲೂ ಕೆಳಗಿನಿಂದ ನೋಡಿದವರು ನಾವು. ಆಗುಂಬೆಯ ಘಾಟಿಯಾದರೂ ಬರುವ ಮೊದಲು ಸುಳಿವು ಕೊಡುತ್ತದೆ. ಇಲ್ಲಿ ಮರಗಳ ಸಾಲು ಮುಗಿಯಿತು, ಅದರೊಡನೆ ನೆಲವೂ ಮುಗಿದುಹೋಯಿತು.

ಗ್ರ್ಯಾಂಡ್ ಕ್ಯಾನಿಯನ್ ಎಂದು ಅದಕ್ಕೆ ಹೆಸರು. ಒಂದು ಮೈಲಿ ಆಳ. ಕೆಲವೆಡೆಗಳಲ್ಲಿ ೧೮ ಮೈಲಿ ಅಗಲ. ತಳದಲ್ಲಿ ಹರಿಯುವ ಕೊಲೊರಾಡೋ ನದಿಯ ಜಾಡನ್ನು ಹಿಡಿದು ಅಳೆದರೆ ೨೭೭ ಮೈಲಿ ಉದ್ದ. ಮೂವತ್ತೈದು ವರ್ಷ ತರಗತಿಯಲ್ಲಿ ನಿಂತು ಮಾತಿಗೆ ತಡವರಿಸದ ನಾನು, "ಅಜ್ಜ, ಹೇಗಿದೆ?" ಎಂದು ಮೊಮ್ಮಗಳು ಕೇಳಿದುದಕ್ಕೆ ಉತ್ತರ ಕೊಡಲಾರದೆ ಕಂಬಿಯನ್ನು ಹಿಡಿದು ನಿಂತೆನು. ಅವಳು ತನ್ನ ಕೈಯ ಪುಸ್ತಿಕೆಯನ್ನು ನೋಡಿ ದೂರದ ಶಿಖರಗಳನ್ನು ಒಂದೊಂದಾಗಿ ತೋರಿಸತೊಡಗಿದಳು. ಶಿವ ದೇವಾಲಯ, ವಿಷ್ಣು ದೇವಾಲಯ, ಬ್ರಹ್ಮ ದೇವಾಲಯ! ಮೊದಲು ಅವಳು ನನ್ನನ್ನು ಪರಿಹಾಸ ಮಾಡುತ್ತಿರುವಳೆಂದು ಭಾವಿಸಿದೆನು. ಪುಸ್ತಿಕೆಯನ್ನು ಇಸಿದುಕೊಂಡು ಓದಿದರೆ ನಿಜವಾಗಿಯೂ ಹಾಗೆಯೇ ಅಚ್ಚಾಗಿತ್ತು. ಕ್ಲಾರೆನ್ಸ್ ಡಟ್ಟನ್ ಎಂಬ ಭೂಗರ್ಭಶಾಸ್ತ್ರಜ್ಞನು ೧೮೮೨ರಲ್ಲಿ ಈ ಸೀಮೆಯನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ಗೋಪುರಗಳಂತೆ ಮೆಟ್ಟಿಲು ಮೆಟ್ಟಿಲಾಗಿ ಎದ್ದಿರುವ ಈ ಬಂಡೆಗಳು ಪೂರ್ವದೇಶಗಳ ದೇವಾಲಯಗಳನ್ನು ಅವನ ಮನಸ್ಸಿಗೆ ತಂದುವು. ಶಿವ, ವಿಷ್ಣು ಎಂಬ ಹೆಸರುಗಳನ್ನಿಟ್ಟವನು ಅವನೇ. ಆ ಮೇಲ್ಪಂಕ್ತಿಯನ್ನು ಅನುಸರಿಸಿದವರು ಮನು, ಬುದ್ಧ, ರಾಮ, ಕೃಷ್ಣ ಎಂದು ಮುಂದುವರಿಸಿದರು.

ಯವಾಪಾಯಿ ಎಂಬ ಕಡೆ ಒಂದು ಚಿಕ್ಕ ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಕಮರಿಯ ಅಂಚಿನಲ್ಲಿಯೇ ಕಾಲದ ದಾರಿ ಎಂಬ ಕಾಲುಹಾದಿಯನ್ನು ಮಾಡಿದ್ದಾರೆ. ಒಂದು ಮೀಟರು ನಡೆದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದಂತೆ. ಆಯಾ ಕಾಲದ ಶಿಲೆಯನ್ನು ಕಮರಿಯಿಂದ ತಂದು ದಾರಿಯ ಪಕ್ಕದಲ್ಲಿ ಇಟ್ಟಿದ್ದಾರೆ; ಮುಟ್ಟಿ ನೋಡಬಹುದು. ನಮ್ಮ ಕಾಲಡಿಯ ಅಂಚಿನ ಸುಣ್ಣಕಲ್ಲಿನ ವಯಸ್ಸು ೨೭ ಕೋಟಿ ವರ್ಷ. ನದಿಯು ಈ ಕಮರಿಯನ್ನು ಕೊರೆದುದು ಐವತ್ತು ಅರುವತ್ತು ಲಕ್ಷ ವರ್ಷಗಳಿಂದೀಚೆಗೆ, ಎಂದರೆ ಆ ದಾರಿಯಲ್ಲಿ ಐದಾರು ಹೆಜ್ಜೆ. ಒಂದೂಮುಕ್ಕಾಲು ಕಿಲೋಮೀಟರಿನಷ್ಟು ನಡೆದ ಮೇಲೆ ತಳದ ಕಪ್ಪು ಶಿಲೆ ಸಿಕ್ಕಿತು. ಸುಮಾರು ೧೭೫ ಕೋಟಿ ವರ್ಷ ಹಳೆಯದು. ಅದರ ಹೆಸರು ವಿಷ್ಣುಶಿಲೆ.

ನಾನು ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತೆನು. ಪಾಠಶಾಲೆಯಲ್ಲಿ ನಾವು ಒಂದು ಕಲ್ಪಕ್ಕೆ ೪೩೨ ಕೋಟಿ ವರ್ಷಗಳೆಂದು ಬಾಯಿಪಾಠ ಮಾಡಿದ್ದೆವು. ಆ ಸಂಖ್ಯೆಗೆ ಯಾವ ಭಾರವೂ ಇರಲಿಲ್ಲ. ಮಗ್ಗಿಯಂತೆ ಹೇಳಿ ಎದ್ದು ಆಟಕ್ಕೆ ಓಡುತ್ತಿದ್ದೆವು. ಅದರ ಐದರಲ್ಲಿ ಎರಡು ಪಾಲು ಈಗ ತಣ್ಣಗೆ, ಒರಟಾಗಿ ಅಂಗೈಯ ಕೆಳಗೆ ಇತ್ತು. ಜೊತೆಗೆ, ಮುಚ್ಚಿಡುವುದೇಕೆ, ಮನಸ್ಸಿನಲ್ಲಿ ಸ್ವಲ್ಪ ಗರ್ವವೂ ಹುಟ್ಟಿತು. ನಮ್ಮ ದೇವರ ಹೆಸರಿನ ಕಲ್ಲು, ನಮ್ಮ ದೇವರ ಹೆಸರಿನ ಶಿಖರ. ಹಾಗಾದರೆ ಇದು ನಮಗೆ ಹೊಸ ಊರಲ್ಲ ಎಂದು ತೋರಿತು. ಸಂಗ್ರಹಾಲಯದಲ್ಲಿ ಮೇಜರ್ ಪೋವೆಲ್ ಎಂಬಾತನ ವೃತ್ತಾಂತವನ್ನು ಓದಿ ಆ ಗರ್ವಕ್ಕೆ ಇನ್ನಷ್ಟು ಪುಷ್ಟಿ ಬಂದಿತು. ಆತನು ಯುದ್ಧದಲ್ಲಿ ಬಲಗೈ ಕಳೆದುಕೊಂಡವನು; ೧೮೬೯ರಲ್ಲಿ ನಾಲ್ಕು ದೋಣಿಗಳಲ್ಲಿ ಒಂಬತ್ತು ಮಂದಿಯೊಡನೆ ಹೊರಟು ಈ ನದಿಯನ್ನು ಹಾದು ಬಂದನು. ಅದಕ್ಕೆ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವನಂತೆ. ಒಂಟಿ ಕೈಯ ಉಪಾಧ್ಯಾಯನು ನದಿಯನ್ನೇ ಗೆದ್ದಿರುವಾಗ ಎರಡು ಕೈಯುಳ್ಳ ಉಪಾಧ್ಯಾಯನು ಅದರ ದಡದವರೆಗಾದರೂ ಹೋಗಬಾರದೆ?

ಮರುದಿನ ಬೆಳಗ್ಗೆ ಬ್ರೈಟ್ ಏಂಜೆಲ್ ಎಂಬ ಕಾಲುದಾರಿಯಲ್ಲಿ ಇಳಿಯುವುದೆಂದಾಯಿತು. ಹೆಂಗಸರು ಮೇಲೆಯೇ ಉಳಿದರು. ಮಗ, ಮೊಮ್ಮಗಳು, ನಾನು ಹನ್ನೊಂದು ಗಂಟೆಯ ಹೊತ್ತಿಗೆ ಹೊರಟೆವು. ಒಂದೂವರೆ ಮೈಲಿಯಲ್ಲಿ ಒಂದು ತಂಗುಮನೆ. ಅಲ್ಲಿಗೆ ಹೋಗಿ ತಿರುಗುವುದೆಂದು ಮಗನು ಮೊದಲೇ ನಿಶ್ಚಯಿಸಿದ್ದನು. ದಾರಿಯ ಬಾಯಲ್ಲಿ ಎಚ್ಚರಿಕೆಯ ಫಲಕವಿತ್ತು. ಒಂದೇ ದಿನದಲ್ಲಿ ನದಿಗೆ ಇಳಿದು ಹತ್ತಿ ಬರುವ ಪ್ರಯತ್ನ ಮಾಡಬಾರದು, ಇಳಿಯಲು ಹಿಡಿದ ಕಾಲದ ಎರಡರಷ್ಟನ್ನು ಹತ್ತಲು ಇಟ್ಟುಕೊಳ್ಳಬೇಕು, ನೀರು ಕುಡಿದರೆ ಸಾಲದು ಉಪ್ಪಿನ ಪದಾರ್ಥವನ್ನೂ ತಿನ್ನಬೇಕು ಎಂಬುದು ಅದರ ತಾತ್ಪರ್ಯ. ನಾನು ಅದನ್ನು ಓದಿ, ಮೊಮ್ಮಗಳಿಗೆ ಕನ್ನಡದಲ್ಲಿ ಅರ್ಥ ಹೇಳಿ, ಆ ಮೇಲೆ ಮರೆತುಬಿಟ್ಟೆನು. ಇದು ಉಪಾಧ್ಯಾಯರಲ್ಲಿ ಕೆಲವರಿಗಿರುವ ಜಾಡ್ಯ.

ಇಳಿಯುವ ಸುಖವನ್ನು ಏನೆಂದು ಹೇಳಲಿ! ದೇಹದ ಭಾರವೇ ಮುಂದಕ್ಕೆ ತಳ್ಳುವುದು. ಗೋಡೆಯನ್ನು ತಬ್ಬಿಕೊಂಡ ಹಾದಿ ಎಡಕ್ಕೆ ಬಲಕ್ಕೆ ಹೊರಳುವುದು. ಬಂಡೆಯನ್ನು ಕೊರೆದು ಮಾಡಿದ ಎರಡು ಕಿಂಡಿಗಳೊಳಗೆ ನುಸುಳುವುದು. ಒಂದೊಂದು ತಿರುವಿನಲ್ಲಿಯೂ ಕಲ್ಲಿನ ಬಣ್ಣ ಬದಲಾಗುವುದು. ಮೊದಲು ಬೆಣ್ಣೆಯ ಬಿಳುಪು, ಆಮೇಲೆ ಮಾಸಿದ ಹಳದಿ, ಆಮೇಲೆ ಕುಂಕುಮ ಕಲಸಿದಂಥ ಕೆಂಪು. ಹೇಸರಗತ್ತೆಗಳ ಸಾಲು ಎದುರಾಯಿತು. ಅವುಗಳಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಲ್ಲಬೇಕೆಂಬುದು ಅಲ್ಲಿಯ ನಿಯಮ. ನಾವು ನಿಂತೆವು, ಅವು ನಮ್ಮನ್ನು ಕಣ್ಣೆತ್ತಿಯೂ ನೋಡದೆ ಹೋದುವು.

ತಂಗುಮನೆ ಬಂದಿತು. ಮಗನು "ಇಲ್ಲಿಗೆ ಸಾಕು ಅಪ್ಪಯ್ಯ, ತಿರುಗೋಣ" ಎಂದನು. ಮೊಮ್ಮಗಳು ಆಗ ಪುಸ್ತಿಕೆಯಿಂದ ಓದಿ ಹೇಳಿದಳು. ಇನ್ನೂ ಮೂರು ಮೈಲಿ ಕೆಳಗೆ ಹಸುರಾದ ಒಂದು ಜಾಗವಿದೆ. ಹವಾಸುಪಾಯಿ ಎಂಬ ಜನರು ಅಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದರು. ೧೯೧೯ರಲ್ಲಿ ಈ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಉಳಿದಿದ್ದ ಕೊನೆಯ ಹವಾಸುಪಾಯಿ ಮನುಷ್ಯನನ್ನು ೧೯೨೮ರಲ್ಲಿ ಹೊರಡಿಸಿದರು. ಆ ಜಾಗವನ್ನು ಬಹುಕಾಲ ಇಂಡಿಯನ್ ಗಾರ್ಡನ್ ಎಂದು ಕರೆಯುತ್ತಿದ್ದು, ಆ ಜನರ ಕೋರಿಕೆಯ ಮೇರೆಗೆ ೨೦೨೨ರ ನವೆಂಬರಿನಲ್ಲಿ ಹವಾಸುಪಾಯಿ ಗಾರ್ಡನ್ಸ್ ಎಂದು ಬದಲಾಯಿಸಿದ್ದಾರೆ. "ಇಂಡಿಯನ್ ಎಂದರೆ ನಾವಲ್ಲವಾ ಅಜ್ಜ?" ಎಂದು ಹುಡುಗಿ ಕೇಳಿದಳು. ಅಲ್ಲವೆಂದೆನು. "ಹಾಗಾದರೆ ವಿಷ್ಣು ಅವರ ದೇವರಾ?" ಅದಕ್ಕೂ ಅಲ್ಲವೆಂದೆನು. ಅವಳು ಸುಮ್ಮನಾದಳು. ಹಿಂದಿನ ದಿನ ಹುಟ್ಟಿದ ಗರ್ವ ಸ್ವಲ್ಪ ಬಾಡಿತು. ಇದ್ದವರು ಇಟ್ಟ ಹೆಸರು ಪುಸ್ತಕಕ್ಕೆ ಬರಲು ನೂರು ವರ್ಷ ಹಿಡಿಯಿತು. ಎಲ್ಲಿಯೋ ದೂರದಲ್ಲಿದ್ದ ನಮ್ಮ ಹೆಸರುಗಳು ಯಾರೂ ಕೇಳದೆಯೇ ಬಂದು ಕುಳಿತಿವೆ.

ಆದರೆ ಗರ್ವ ಬಾಡಿದರೂ ಹಟ ಬಾಡಲಿಲ್ಲ. ಇನ್ನೂ ಒಂದೂವರೆ ಮೈಲಿ ಹೋದರೆ ಮತ್ತೊಂದು ತಂಗುಮನೆ, ಅಲ್ಲಿಯವರೆಗೆ ಹೋಗಿಯೇ ತೀರಬೇಕೆಂದೆನು. ಮಗನು ಬೇಡವೆಂದನು. ನಾನು ಹೇಳಬಾರದ ಮಾತನ್ನು ಹೇಳಿದೆನು: "ನಿನಗೆ ನಡೆಯಲು ಕಲಿಸಿದವನು ನಾನು." ಅವನು ನನ್ನ ಮುಖವನ್ನು ಒಮ್ಮೆ ನೋಡಿ ನೀರಿನ ಸೀಸೆಗಳನ್ನು ನಲ್ಲಿಯಲ್ಲಿ ತುಂಬಿಕೊಂಡು ಹಿಂದೆ ಬಂದನು. ಒಂದು ಮಾತನ್ನೂ ಆಡಲಿಲ್ಲ.

ಮೂರು ಮೈಲಿಯ ತಂಗುಮನೆಯನ್ನು ತಲಪಿದಾಗ ಒಂದೂವರೆ ಗಂಟೆ. ಅಲ್ಲಿಂದ ಹಸುರು ಜಾಗದ ಮರಗಳ ತಲೆಗಳು ಕಂಡುವು, ನದಿ ಕಾಣಲಿಲ್ಲ. ಹಿಂದಿರುಗಿ ಮೇಲೆ ನೋಡಿದೆನು. ನಾವು ಬಂದ ಅಂಚು ಎರಡು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ, ಆಕಾಶಕ್ಕೆ ಕಟ್ಟಿದ ಗೋಡೆಯಂತೆ ನಿಂತಿತ್ತು. ಆಗ ಹೊಟ್ಟೆಯಲ್ಲಿ ಸಣ್ಣಗೆ ಒಂದು ಅಂಜಿಕೆ ಸುಳಿಯಿತು. ಹೇಳಿಕೊಳ್ಳಲಿಲ್ಲ.

ಹತ್ತಲು ಮೊದಲಿಟ್ಟ ಅರ್ಧ ಗಂಟೆಯೊಳಗೆ ಮಂಡಿಗಳು ನಡುಗತೊಡಗಿದುವು. ಬಾಯಾರಿಕೆಯೆಂದು ಮತ್ತೆ ಮತ್ತೆ ನೀರು ಕುಡಿದೆನು. ಕುಡಿದಷ್ಟೂ ತಲೆ ಹಗುರವಾಯಿತು, ಹೊಟ್ಟೆ ತೊಳಸಿತು. ಒಂದು ತಿರುವಿನಲ್ಲಿ ಕಣ್ಣು ಕತ್ತಲಿಟ್ಟು ಬಂಡೆಗೆ ಒರಗಿ ಕುಳಿತುಬಿಟ್ಟೆನು. ದಾರಿಯಲ್ಲಿ ನಡೆಯುವವರನ್ನು ವಿಚಾರಿಸಿಕೊಳ್ಳುವ ಸ್ವಯಂಸೇವಕಿಯೊಬ್ಬಳು ಆ ಹೊತ್ತಿಗೆ ಬಂದಳು. ಮೂವತ್ತು ವರ್ಷವೂ ಆಗಿರಲಾರದು. ನನ್ನ ನಾಡಿ ನೋಡಿ, ಎಷ್ಟು ನೀರು ಕುಡಿದೆ, ಏನು ತಿಂದೆ ಎಂದು ಕೇಳಿದಳು. ಏನೂ ತಿಂದಿಲ್ಲವೆಂದು ಮಗನು ಹೇಳಿದನು. ಬೆವರಿನಲ್ಲಿ ಉಪ್ಪು ಹೋಗಿರುವಾಗ ಬರಿಯ ನೀರನ್ನೇ ಸುರಿದರೆ ರಕ್ತದಲ್ಲಿನ ಉಪ್ಪು ಇನ್ನೂ ತೆಳುವಾಗುವುದು, ಅದು ಅಪಾಯ, ನೆರಳಿನಲ್ಲಿ ಕುಳಿತು ಉಪ್ಪಿನದೇನಾದರೂ ತಿನ್ನಲಿ, ಅವಸರ ಬೇಡ ಎಂದಳು. ಅಷ್ಟು ಹೊತ್ತಿಗೆ ಮೊಮ್ಮಗಳು ತನ್ನ ಚೀಲದಿಂದ ಕೋಡುಬಳೆಯ ಪೊಟ್ಟಣವನ್ನು ತೆಗೆದಿದ್ದಳು. ಹೊರಡುವಾಗ ಅಜ್ಜಿಯು ನನಗೆ ಕಾಣದಂತೆ ಅದರಲ್ಲಿ ತುರುಕಿದ್ದಳಂತೆ. ಆ ಸ್ವಯಂಸೇವಕಿಗೂ ಒಂದು ಕೊಟ್ಟಳು. ಆಕೆ ಕಡಿದು ನೋಡಿ, ಇದೇ ಔಷಧಿ ಎಂದು ನಕ್ಕು ಕೆಳಕ್ಕೆ ಇಳಿದುಹೋದಳು.

ನಾನು ಕೋಡುಬಳೆ ಅಗಿಯುತ್ತ ಕುಳಿತೆನು. ಮಗನು ನನಗೆ ಬಿಸಿಲು ಬೀಳದ ಹಾಗೆ ಅಡ್ಡವಾಗಿ ನಿಂತಿದ್ದನು. ನೀರಿನ ಸೀಸೆ ಅವನ ಕೈಯಲ್ಲಿತ್ತು. ಅದನ್ನು ನೋಡಿದಾಗ, ನಲವತ್ತಮೂರು ವರ್ಷಗಳಿಂದ ಯಾರಿಗೂ ಹೇಳದೆ ಇದ್ದ ಸಂಗತಿಯೊಂದು ನೆನಪಿಗೆ ಬಂದಿತು.

೧೯೮೦ನೆಯ ಇಸವಿಯ ಬೇಸಗೆ. ನನಗೆ ಇಪ್ಪತ್ತಮೂರು ವರ್ಷ. ತಂದೆಯವರಿಗೆ ಅರುವತ್ತು ದಾಟಿತ್ತು. ಕೊಡಚಾದ್ರಿಯನ್ನು ಒಮ್ಮೆ ಹತ್ತಬೇಕೆಂದು ಅವರ ಆಸೆ. ನಾನೂ ನನ್ನ ಜೊತೆಯ ಇಬ್ಬರು ಹುಡುಗರೂ ಅವರೊಡನೆ ನಾಗೋಡಿಯ ಕಡೆಯಿಂದ ಹೊರಟೆವು. ಅರ್ಧ ದಾರಿಗೆ ಅವರಿಗೆ ಏದುಸಿರು ಬಂದಿತು. "ನೀವು ನಡೆಯಿರಿ, ನಾನು ನಿಧಾನವಾಗಿ ಬರುತ್ತೇನೆ" ಎಂದು ಮರವೊಂದರ ಬುಡದಲ್ಲಿ ಕುಳಿತರು. ಸೂರ್ಯಾಸ್ತ ತಪ್ಪಿಹೋದೀತೆಂಬ ಆತುರದಲ್ಲಿ ನಾವು ಹೊರಟೇಬಿಟ್ಟೆವು. ಮೇಲಿನಿಂದ ಸಮುದ್ರದ ಕಡೆಗೆ ಸೂರ್ಯನು ಮುಳುಗುವುದನ್ನು ಕಣ್ತುಂಬ ನೋಡಿದೆವು. ಆಮೇಲೆ ಹೆಗಲಿನಲ್ಲಿ ಏನೋ ಭಾರವಾಗಿದೆಯಲ್ಲ ಎಂದು ನೋಡಿಕೊಂಡರೆ ತಂದೆಯವರ ನೀರಿನ ಪಾತ್ರೆ ನನ್ನ ಚೀಲದಲ್ಲಿಯೇ ಇತ್ತು. ಕತ್ತಲಲ್ಲಿ ಎಡವುತ್ತ ಇಳಿದು ಬಂದಾಗ ಅವರು ಅದೇ ಮರದ ಬುಡದಲ್ಲಿ ಕುಳಿತಿದ್ದರು. ತುಟಿ ಒಣಗಿತ್ತು. ನೀರು ಕುಡಿದು ಮುಗಿಸಿ, "ಮೇಲೆ ಚೆನ್ನಾಗಿತ್ತೆ?" ಎಂದು ಕೇಳಿದರು. ಅಷ್ಟೇ. ಮನೆಗೆ ಬಂದ ಮೇಲೆಯೂ ಆ ಮಾತನ್ನು ಎತ್ತಲಿಲ್ಲ. ಕ್ಷಮಿಸಿರೆಂದು ನಾನೂ ಕೇಳಲಿಲ್ಲ. ಮೂರು ವರ್ಷಗಳ ನಂತರ ಅವರು ತೀರಿಕೊಂಡರು.

ಉಳಿದ ದಾರಿಯನ್ನು ಹತ್ತಿದ ಬಗೆಯನ್ನು ವಿಸ್ತರಿಸುವುದಿಲ್ಲ. ನೂರು ಹೆಜ್ಜೆ, ವಿಶ್ರಾಂತಿ. ಮತ್ತೆ ನೂರು ಹೆಜ್ಜೆ. ಎಣಿಸುವ ಕೆಲಸವನ್ನು ಮೊಮ್ಮಗಳು ವಹಿಸಿಕೊಂಡಳು. ಕನ್ನಡದಲ್ಲಿ ಎಣಿಸಬೇಕೆಂದು ನಾನು ಹೇಳಿದುದರಿಂದ ಅರುವತ್ತೊಂಬತ್ತು ಎಪ್ಪತ್ತೊಂಬತ್ತುಗಳಲ್ಲಿ ಎಡವಿ ಎಷ್ಟೋ ಸಲ ಹಿಂದಿನಿಂದ ಪ್ರಾರಂಭಿಸಿದಳು, ಇದರಿಂದ ನನಗೆ ನಷ್ಟವೇ ಆಯಿತು. ಮಗನು ನನ್ನ ಮೊಣಕೈಯನ್ನು ಹಿಡಿದವನು ಬಿಡಲಿಲ್ಲ. ಆರು ಗಂಟೆಗೆ ಸೂರ್ಯನು ಮುಳುಗಿದನು. ಕಡೆಯ ಅರ್ಧ ಮೈಲಿಯನ್ನು ಫೋನಿನ ದೀಪದಲ್ಲಿ ಏರಿ, ಏಳು ಗಂಟೆಗೆ ಮೇಲೆ ಬಂದೆವು. ನನ್ನಾಕೆ ದಾರಿಯ ಬಾಯಲ್ಲಿಯೇ ಶಾಲು ಹೊದ್ದು ನಿಂತಿದ್ದಳು. ಏನನ್ನೂ ಕೇಳದೆ, "ಕೋಡುಬಳೆ ಮುಗಿಯಿತೇ?" ಎಂದಳು.

ಮಾರನೆಯ ದಿನ ಪೇಜ್ ಎಂಬ ಊರಿನ ಬಳಿ ಆಂಟಿಲೋಪ್ ಕಮರಿ. ಇದು ನವಾಹೋ ಜನರ ನೆಲ. ಅವರ ಮಾರ್ಗದರ್ಶಕರಿಲ್ಲದೆ ಪ್ರವೇಶವಿಲ್ಲ. ನೆಲದ ಮೇಲಿನಿಂದ ನೋಡಿದರೆ ಬರಿಯ ಒಂದು ಬಿರುಕು. ಏಣಿಯಲ್ಲಿ ಇಳಿದರೆ ಒಳಗೆ ಕೆಂಪು ಮರಳುಕಲ್ಲು ಗಾಳಿಗೆ ತೂಗುವ ರೇಷ್ಮೆಯಂತೆ ಮಡಿಕೆ ಮಡಿಕೆಯಾಗಿ ನಿಂತಿದೆ. ಇದನ್ನು ಮಾಡಿದುದು ಮಳೆಯ ನೀರು. ೧೯೯೭ರ ಆಗಸ್ಟ್ ೧೨ರಂದು, ಎಷ್ಟೋ ಮೈಲಿ ದೂರದಲ್ಲಿ ಸುರಿದ ಮಳೆಯ ನೀರು ಇದರೊಳಗೆ ನುಗ್ಗಿ ಹನ್ನೊಂದು ಮಂದಿ ಪ್ರವಾಸಿಗಳು ಸತ್ತರು. ಈಗಿರುವ ಉಕ್ಕಿನ ಮೆಟ್ಟಿಲುಗಳು ಅದರ ನಂತರ ಬಂದುವು. ನನ್ನ ಮಂಡಿಗಳಿಗೆ ಆ ಮೆಟ್ಟಿಲುಗಳೇ ಒಂದು ಶಿಕ್ಷೆಯಾದುವು.

ಹೊರಗೆ ಬಂದ ಮೇಲೆ ಮಾರ್ಗದರ್ಶಕನಾದ ತರುಣನು, ನಾಳೆ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ತಮ್ಮ ಉದ್ಯಾನಗಳೆಲ್ಲವೂ ಮುಚ್ಚಿರುವುವೆಂದು ಹೇಳಿದನು. ಗ್ರಹಣಕಾಲದಲ್ಲಿ ತಮ್ಮ ಜನರು ಹೊರಗೆ ಬರುವುದಿಲ್ಲ, ಉಣ್ಣುವುದಿಲ್ಲ, ನೀರು ಕುಡಿಯುವುದಿಲ್ಲ, ಮಲಗುವುದಿಲ್ಲ, ಸೂರ್ಯನನ್ನು ನೋಡುವುದಿಲ್ಲ. ಮನೆಯೊಳಗೆ ಮೌನವಾಗಿ ಕುಳಿತಿರುತ್ತಾರೆ. ಮೊಮ್ಮಗಳು ಕಣ್ಣರಳಿಸಿ ಕೇಳಿ, "ನಾನೂ ನಾಳೆ ಏನೂ ತಿನ್ನುವುದಿಲ್ಲ" ಎಂದಳು. ನನ್ನಾಕೆಗೆ ಇದು ಸಹನೆಯಾಗಲಿಲ್ಲ. "ಒಂದು ವಾರದಿಂದ ಇದನ್ನೇ ನಾನು ಹೇಳುತ್ತಿದ್ದೆ. ನಾನು ಹೇಳಿದರೆ ಮೌಢ್ಯ, ಆ ಹುಡುಗ ಹೇಳಿದರೆ ಸಂಸ್ಕೃತಿ!" ಎಂದಳು. ಸೊಸೆ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ನಕ್ಕಳು.

ಆ ಸಾಯಂಕಾಲದ ಪಯಣದಲ್ಲಿ ನನ್ನ ಗಡಿಯಾರವು ಸೋತುಹೋಯಿತು. ಅರಿಜೋನಾದವರು ಬೇಸಗೆಗೆಂದು ಗಂಟೆಯನ್ನು ಮುಂದೆ ಮಾಡುವುದಿಲ್ಲ, ಅದರೊಳಗಿರುವ ನವಾಹೋ ಸೀಮೆಯವರು ಮಾಡುವರು, ಯೂಟಾದವರೂ ಮಾಡುವರು. ಗ್ರಹಣದ ಸ್ಪರ್ಶಕಾಲವನ್ನು ಗುಣಿಸಿಟ್ಟುಕೊಂಡಿದ್ದ ನಾನು ಮಾನ್ಯುಮೆಂಟ್ ವ್ಯಾಲಿಯ ಮಹಾಸ್ತಂಭಗಳನ್ನು ಸರಿಯಾಗಿ ನೋಡದೆ ಕಾಗದದ ಮೇಲೆ ಕೂಡಿ ಕಳೆಯುತ್ತಿದ್ದೆನು. ಅದರ ವ್ಯಸನ ಈಗಲೂ ಇದೆ.

ಶನಿವಾರ ಬೆಳಗ್ಗೆ ಬ್ಲಫಿನಿಂದ ಸ್ವಲ್ಪ ದೂರದ ಸ್ಯಾಂಡ್ ಐಲೆಂಡ್ ಎಂಬಲ್ಲಿಗೆ ಹೋದೆವು. ಅಲ್ಲಿಯ ಬಂಡೆಯ ಮೇಲೆ ಪ್ರಾಚೀನರು ಕೊರೆದ ನೂರಾರು ಚಿತ್ರಗಳಿವೆ. ಕೊಳಲೂದುವವನೊಬ್ಬನ ಚಿತ್ರವೂ ಇದೆ. ಹೆಸರಿಡುವ ಚಾಪಲ್ಯವನ್ನು ನಾನು ತಡೆದುಕೊಂಡೆನು. ದೂರದರ್ಶಕಗಳನ್ನು ನೆಟ್ಟುಕೊಂಡು ಜನರು ಗುಂಪು ಗುಂಪಾಗಿ ನಿಂತಿದ್ದರು. ನನ್ನಾಕೆ ಬರಲಿಲ್ಲ, ನವಾಹೋ ಜನರ ಪಕ್ಷವನ್ನು ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ನದಿಯ ಉತ್ತರದ ದಡ ನಮ್ಮದು. ದಕ್ಷಿಣದ ದಡ ನವಾಹೋ ಸೀಮೆ. ಅಲ್ಲಿ ಒಂದೆರಡು ಮನೆಗಳಿದ್ದುವು, ನರಪಿಳ್ಳೆಯ ಸುಳಿವಿಲ್ಲ. ೧೯೮೦ರ ಫೆಬ್ರವರಿ ೧೬ರ ಗ್ರಹಣದಲ್ಲಿ ನಮ್ಮ ಊರಿನ ಬೀದಿಯೂ ಹೀಗೆಯೇ ಇದ್ದಿತು. ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳಲ್ಲಿ ಸೂರ್ಯನು ಪೂರ್ತಿ ಮುಚ್ಚಿಹೋಗಿದ್ದನು. ನಮ್ಮಲ್ಲಿ ಒಂದು ಕೀಳಷ್ಟು ಉಳಿದಿತ್ತು. ತಂದೆಯವರು ಹೊಳೆಯಲ್ಲಿ ನಿಂತು ತರ್ಪಣ ಕೊಟ್ಟರು. ನಾನು ದಡದಲ್ಲಿ ಒಣಗಿದ ಪಂಚೆ ಹಿಡಿದುಕೊಂಡು, ಯಾವಾಗ ಮುಗಿಯುವುದೋ ಎಂದು ನಿಂತಿದ್ದೆನು.

ಒಂಬತ್ತು ಗಂಟೆ ಹತ್ತು ನಿಮಿಷದ ಸುಮಾರಿಗೆ ಸ್ಪರ್ಶವಾಯಿತು. ನಾನು ಪಂಚೆಯುಟ್ಟು ನೀರಿಗಿಳಿದೆನು. ಮಣ್ಣಿನ ಬಣ್ಣದ ನೀರು. ಚಳಿ ಎಲುಬಿಗೆ ಹತ್ತಿತು. ಎರಡು ದಿನಗಳಿಂದ ನೋಯುತ್ತಿದ್ದ ಮಂಡಿಗಳು ಕೆಸರಿನಲ್ಲಿ ಜಾರಿದುವು. ಹಿಂದಿನಿಂದ ಒಂದು ಕೈ ಮೊಣಕೈಯನ್ನು ಹಿಡಿಯಿ‌ತು. ಮಗನು ಗ್ರಹಣ ನೋಡುವ ಕಪ್ಪು ಕನ್ನಡಕವನ್ನು ಮಗಳ ಕೈಗೆ ಕೊಟ್ಟು, ಷರಾಯಿಯ ಸಮೇತ ನೀರಿಗೆ ಇಳಿದಿದ್ದನು. ತಂದೆ ಬದುಕಿರುವವನು ಪಿತೃತರ್ಪಣ ಕೊಡುವಂತಿಲ್ಲ. ಅದು ಅವನಿಗೂ ಗೊತ್ತು. "ನಾನು ಹಿಡಿದುಕೊಂಡಿರುತ್ತೇನೆ, ನೀವು ಮಾಡಿ ಅಪ್ಪಯ್ಯ" ಎಂದನು.

ಸಂಕಲ್ಪದಲ್ಲಿ ಒಂದು ತೊಡಕಿತ್ತು. ನಮ್ಮಲ್ಲಿ ಜಂಬೂದ್ವೀಪವನ್ನೂ ಗೋದಾವರಿಯ ದಕ್ಷಿಣತೀರವನ್ನೂ ಹೇಳುವುದು ವಾಡಿಕೆ. ಅಮೆರಿಕೆಯಲ್ಲಿ ಕ್ರೌಂಚದ್ವೀಪವೆನ್ನಬೇಕೆಂದು ಫೀನಿಕ್ಸಿನ ಕಡೆಯ ಅರ್ಚಕರೊಬ್ಬರು ಹೇಳಿ, ನಾಲ್ಕು ದರ್ಭೆಗಳನ್ನೂ ಕೊಟ್ಟಿದ್ದರು. ನದಿಗೆ ಸಂಸ್ಕೃತದ ಹೆಸರೊಂದನ್ನು ಕಟ್ಟೋಣವೆಂದು ರಾತ್ರಿಯೆಲ್ಲ ಯೋಚಿಸಿದ್ದೆನು. ಆದರೆ ನೀರಿನಲ್ಲಿ ನಿಂತಾಗ ಅದಕ್ಕೆ ಮನಸ್ಸು ಬರಲಿಲ್ಲ. ಇದ್ದ ಹೆಸರಿಗೇ ವಿಭಕ್ತಿಪ್ರತ್ಯಯವನ್ನು ಹಚ್ಚಿ, ಸಾನ್ ಹ್ವಾನ್ ನದಿಯ ಉತ್ತರತೀರದಲ್ಲಿ ಎಂದು ಹೇಳಿ, ತಂದೆಯವರ ಹೆಸರನ್ನೆತ್ತಿ ಮೂರು ಸಲ ಎಳ್ಳುನೀರು ಬಿಟ್ಟೆನು. ಮಂತ್ರದಲ್ಲಿಲ್ಲದ ಎರಡು ಮಾತುಗಳನ್ನೂ ಕನ್ನಡದಲ್ಲಿ ಸೇರಿಸಿದೆನು. ಮಗನಿಗೆ ಕೇಳಿಸಿರಬೇಕು. ಕೊಡಚಾದ್ರಿಯ ಕಥೆಯನ್ನು ಅವನಿಗೆ ಅಲ್ಲಿಯೇ, ನೀರಿನಲ್ಲಿಯೇ ಹೇಳಿದೆನು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ನದಿ ಮುಂದೆ ಕೊಲೊರಾಡೋವನ್ನೇ ಸೇರುವುದು ಅಪ್ಪಯ್ಯ. ನಡುವೆ ಅಣೆಕಟ್ಟಿದೆ, ನಿಧಾನವಾಗಬಹುದು. ಆದರೂ ನೀವು ಮೊನ್ನೆ ಹೋಗಲಾರದ ಜಾಗಕ್ಕೇ ಹೋಗುವುದು" ಎಂದನು.

ಹತ್ತೂವರೆಯ ಹೊತ್ತಿಗೆ ಬೆಳಕು ತವರದ ಬಣ್ಣಕ್ಕೆ ತಿರುಗಿ ಗಾಳಿ ತಣ್ಣಗಾಯಿತು. ಗುಂಪುಗಳಲ್ಲಿ ಒಮ್ಮೆಲೇ ಕೂಗು ಎದ್ದಿತು. ನಾನು ಮೇಲೆ ನೋಡಲಿಲ್ಲ. ಮೊಮ್ಮಗಳೂ ನೋಡಲಿಲ್ಲ, ಅವಳಿಗೆ ಅತ್ತ ನವಾಹೋ ತರುಣನ ಮಾತು, ಇತ್ತ ಕೈಯಲ್ಲಿ ಕನ್ನಡಕ. ದಡದ ಮರಗಳ ಎಲೆಗಳ ಸಂದಿನಿಂದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಬಿದ್ದ ಒಂದೊಂದು ಚುಕ್ಕೆಯೂ ಉಂಗುರವಾಗಿತ್ತು. ಮರಳಿನ ಮೇಲೆ, ಅವಳ ಅಂಗೈಯ ಮೇಲೆ, ಆಗತಾನೆ ದಡಕ್ಕೆ ಬಂದ ನನ್ನ ಒದ್ದೆ ಪಂಚೆಯ ಮೇಲೆ ನೂರಾರು ಬೆಳಕಿನ ಉಂಗುರಗಳು. ಹಿಂದೆ ನಮ್ಮ ಮನೆಗಳಲ್ಲಿ ಸಗಣಿ ನೀರಿನ ತಟ್ಟೆಯಲ್ಲಿ ಬಿಂಬವನ್ನು ನೋಡುತ್ತಿದ್ದುದು ನೆನಪಾಯಿತು. "ಇದು ನೋಡಿದ ಹಾಗೆ ಅಲ್ಲ ಅಲ್ಲವಾ ಅಜ್ಜ?" ಎಂದು ಕೇಳಿದಳು. ಅಲ್ಲವೆಂದು ವ್ಯವಸ್ಥೆ ಕೊಟ್ಟೆನು. ನಾಲ್ಕು ನಿಮಿಷಗಳಿಗೂ ಹೆಚ್ಚು ಹೊತ್ತು ಉಂಗುರಗಳು ನಿಂತುವು. ಆಮೇಲೆ ಮುರಿದು ಕುಡುಗೋಲುಗಳಾದುವು.

ಮಧ್ಯಾಹ್ನ ಹನ್ನೆರಡು ದಾಟಿ ಮೋಕ್ಷವಾದ ಮೇಲೆ ಮತ್ತೊಮ್ಮೆ ಮಿಂದು ಬಟ್ಟೆ ಬದಲಾಯಿಸಿಕೊಂಡೆನು. ಜನರು ದೂರದರ್ಶಕಗಳನ್ನು ಮಡಿಸಿ ಹೊರಟುಹೋದರು. ಹೊಳೆಯಾಚೆಯ ಮನೆಯ ಬಾಗಿಲು ತೆರೆಯಿತು. ಮುದುಕರೊಬ್ಬರು ಹೊರಗೆ ಬಂದು ಆಕಾಶವನ್ನು ನೋಡಿ, ನಾಯಿಗೆ ಏನನ್ನೋ ಹಾಕಿದರು. ಮೊಮ್ಮಗಳು ಅವರ ಕಡೆಗೆ ಕೈಬೀಸಿದಳು. ಅವರೂ ಬೀಸಿದರು.

"ಅಜ್ಜ, ಈಗ ತಿನ್ನಬಹುದಾ?" ಎಂದು ಕೇಳಿದಳು. ಮಗನು ಮೋಟಾರಿನಿಂದ ಎರಡನೆಯ ಡಬ್ಬಿಯನ್ನು ತರಲು ಹೋದನು.